ಮೇಜಿನ ಮೇಲಿನ ರಣರಂಗ: ಪರದೇಶದಲ್ಲಿ ಕಿರುಬೊಂಬೆಗಳ ಯುದ್ಧದಾಟ

ಉದ್ಯೋಗ ನಿಮಿತ್ತ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ನಗರಕ್ಕೆ ಬಂದು ನೆಲೆಸಿದ ಮೊದಲ ಚಳಿಗಾಲದ ಒಂದು ಸಂಜೆ, ಮಳೆಯಿಂದ ತಪ್ಪಿಸಿಕೊಳ್ಳಲು ನಾನೊಂದು ಅಂಗಡಿಯನ್ನು ಹೊಕ್ಕೆ. ಒಳಗೆ ನಡುವಯಸ್ಸಿನ ನಾಲ್ವರು ದೊಡ್ಡ ಮೇಜೊಂದರ ಮೇಲೆ ಗಂಭೀರವಾಗಿ ಬಾಗಿ ನಿಂತಿದ್ದರು. ಮೇಜಿನ ಮೇಲೆ ಗುಡ್ಡ, ಹೊಳೆ, ಕಲ್ಲಿನ ಬೇಲಿ. ಅವುಗಳ ನಡುವೆ ಹೆಬ್ಬೆರಳಿಗಿಂತ ಚಿಕ್ಕದಾದ ನೂರಾರು ಸೈನಿಕರು. ಒಬ್ಬರು ಅಳತೆಯ ಟೇಪು ಹಿಡಿದು ಒಂದು ತುಕಡಿಯನ್ನು ಆರು ಇಂಚು ಮುಂದಕ್ಕೆ ಸರಿಸಿದರು. ಎದುರಿನವರು ಒಂದು ಹಿಡಿ ದಾಳಗಳನ್ನು ಉರುಳಿಸಿದರು. ನನಗೆ ತಟ್ಟನೆ ನೆನಪಾದದ್ದು ಮೈಸೂರಿನ ನಮ್ಮ ಮನೆಯ ದಸರಾ ಬೊಂಬೆಗಳು. ಅಮ್ಮ ಮೆಟ್ಟಿಲು ಮೆಟ್ಟಿಲಾಗಿ ಕೂರಿಸುತ್ತಿದ್ದ ಆ ಬೊಂಬೆಗಳನ್ನು ಮುಟ್ಟಿದರೆ ಗದರಿಕೆ ಬೀಳುತ್ತಿತ್ತು. ಇಲ್ಲಿಯೋ, ಮುಟ್ಟಿ ಮುನ್ನಡೆಸುವುದೇ ಆಟ.

ಅಂದಿನಿಂದ ಈ ಹವ್ಯಾಸ ನನ್ನನ್ನು ಬಿಟ್ಟಿಲ್ಲ. ಹೊರನಾಡಿನಲ್ಲಿರುವ ಕನ್ನಡಿಗರಿಗೆ ಇದರ ಪರಿಚಯ ಮಾಡಿಕೊಡುವುದು ಈ ಲೇಖನದ ಉದ್ದೇಶ.

ಆಟದ ಸ್ವರೂಪ

ಇಂಗ್ಲಿಷಿನಲ್ಲಿ ಮಿನಿಯೇಚರ್ ವಾರ್‌ಗೇಮಿಂಗ್ ಎಂದು ಕರೆಯುವ ಈ ಆಟಕ್ಕೆ ಚದುರಂಗದಂತೆ ಮನೆಗಳಿಲ್ಲ. ಸಾಮಾನ್ಯವಾಗಿ ಆರು ಅಡಿ ಉದ್ದ, ನಾಲ್ಕು ಅಡಿ ಅಗಲದ ಮೇಜೇ ರಣರಂಗ. ಪ್ರತಿಯೊಂದು ತುಕಡಿ ಎಷ್ಟು ದೂರ ನಡೆಯಬಹುದು, ಎಷ್ಟು ದೂರ ಗುಂಡು ಹಾರಿಸಬಹುದು ಎಂಬುದನ್ನು ನಿಯಮಪುಸ್ತಕ ಇಂಚುಗಳಲ್ಲಿ ಹೇಳುತ್ತದೆ. ಗುಂಡು ತಾಗಿತೇ ಎಂಬುದನ್ನು ದಾಳ ನಿರ್ಧರಿಸುತ್ತದೆ. ಪೆಟ್ಟು ತಿಂದ ತುಕಡಿ ನಿಲ್ಲುತ್ತದೆಯೋ ಓಡುತ್ತದೆಯೋ ಎಂದು ತಿಳಿಯಲು ಮತ್ತೊಮ್ಮೆ ದಾಳ ಹಾಕಬೇಕು. ಈ ಎದೆಗಾರಿಕೆಯ ಪರೀಕ್ಷೆಯೇ ಆಟದ ಜೀವಾಳ. ಅನೇಕ ಆಟಗಳಲ್ಲಿ ಸೈನ್ಯ ಸೋಲುವುದು ಸತ್ತವರ ಲೆಕ್ಕದಿಂದಲ್ಲ, ಧೈರ್ಯಗೆಟ್ಟವರ ಲೆಕ್ಕದಿಂದ.

ಬೊಂಬೆಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಸುಮಾರು 28 ಮಿಲಿಮೀಟರ್ ಎತ್ತರದವು. ದೊಡ್ಡ ಸೈನ್ಯಗಳನ್ನು ತೋರಿಸಬೇಕೆನ್ನುವವರು 15 ಅಥವಾ 6 ಮಿಲಿಮೀಟರಿನವನ್ನು ಆರಿಸಿಕೊಳ್ಳುತ್ತಾರೆ. ವಸ್ತುವಿನಲ್ಲೂ ಮೂರು ಬಗೆ: ಲೋಹದವು, ಗಟ್ಟಿ ಪ್ಲಾಸ್ಟಿಕ್ಕಿನವು, ರೆಸಿನ್ನಿನವು. ಕೊಂಡಾಗ ಅವಕ್ಕೆ ಬಣ್ಣವಿರುವುದಿಲ್ಲ. ಬಿಡಿಭಾಗಗಳನ್ನು ಜೋಡಿಸಿ, ಅಂಟಿಸಿ, ಬಣ್ಣ ಹಚ್ಚುವುದು ಕೊಂಡವನದೇ ಕೆಲಸ.

ಚದುರಂಗದಿಂದ ದಂಡಿಗೆ

ಈ ಆಟದ ಬೇರು ಚದುರಂಗದಲ್ಲಿದೆ. 1780ರಲ್ಲಿ ಜರ್ಮನಿಯ ಬ್ರೌನ್‌ಷ್ವೈಗ್‌ನಲ್ಲಿದ್ದ ಯೋಹಾನ್ ಹೆಲ್ವಿಗ್ ಚದುರಂಗದ ಹಾಸನ್ನು ಹಿಗ್ಗಿಸಿ, ಅದಕ್ಕೆ ಬೆಟ್ಟ, ನದಿ, ಕಾಡುಗಳನ್ನು ಸೇರಿಸಿದ. ಪ್ರಷ್ಯಾದ ರೈಸ್‌ವಿಟ್ಸ್ 1812ರಲ್ಲಿ ತನ್ನ ಯುದ್ಧದಾಟವನ್ನು ದೊರೆಗೆ ಒಪ್ಪಿಸಿದ. ಅವನ ಮಗ, ಸೇನಾಧಿಕಾರಿಯಾಗಿದ್ದವನು, 1824ರಲ್ಲಿ ಅದನ್ನು ನಕ್ಷೆಯ ಮೇಲೆ ಆಡುವ ಕ್ರೀಗ್ಸ್‌ಷ್ಪೀಲ್ ಎಂಬ ಆಟವಾಗಿ ತಿದ್ದಿ ಪ್ರಕಟಿಸಿದ. ಇದು ಮನರಂಜನೆಯಲ್ಲ, ಅಧಿಕಾರಿಗಳ ತರಬೇತಿ.

ಆಟವನ್ನು ಸೈನ್ಯದಿಂದ ಮನೆಗೆ ತಂದವರಲ್ಲಿ ಮುಖ್ಯನು ಕಾದಂಬರಿಕಾರ ಎಚ್. ಜಿ. ವೆಲ್ಸ್. 1913ರಲ್ಲಿ ಬಂದ ಅವನ 'ಲಿಟಲ್ ವಾರ್ಸ್' ಪುಸ್ತಕ ತವರದ ಸೈನಿಕರು ಮತ್ತು ಸ್ಪ್ರಿಂಗಿನ ಆಟಿಕೆ ಫಿರಂಗಿಗಳಿಂದ ನೆಲದ ಮೇಲೆ ಆಡುವ ಯುದ್ಧಕ್ಕೆ ನಿಯಮ ಕೊಟ್ಟಿತು. ನಿಜವಾದ ಯುದ್ಧ ಎಂಥ ಮೂರ್ಖತನವೆಂಬುದನ್ನು ಈ ಪುಟ್ಟ ಯುದ್ಧ ಕಲಿಸುತ್ತದೆ ಎಂಬುದು ಅವನ ವಾದ. ಮರುವರ್ಷವೇ ಮೊದಲ ಮಹಾಯುದ್ಧ ಆರಂಭವಾಯಿತು. ಮುಂದೆ ಅಮೆರಿಕದ ಜ್ಯಾಕ್ ಸ್ಕ್ರೂಬಿ 1957ರಲ್ಲಿ ಈ ಆಟಕ್ಕೆಂದೇ ಪತ್ರಿಕೆ ಆರಂಭಿಸಿದ. ಸೌತಾಂಪ್ಟನ್ನಿನ ಫಿಸಿಯೋಥೆರಪಿಸ್ಟ್ ಡೊನಾಲ್ಡ್ ಫೆದರ್‌ಸ್ಟೋನ್ 1962ರಲ್ಲಿ ಬರೆದ 'ವಾರ್ ಗೇಮ್ಸ್' ಪುಸ್ತಕ ಬ್ರಿಟನ್ನಿನ ಒಂದು ತಲೆಮಾರನ್ನೇ ಈ ಹುಚ್ಚಿಗೆ ಹಚ್ಚಿತು.

ನಾಟಿಂಗ್‌ಹ್ಯಾಮಿನ ಹೆಸರು ಬರುವುದು ಆಮೇಲೆ. 1975ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಗೇಮ್ಸ್ ವರ್ಕ್‌ಶಾಪ್ ಸಂಸ್ಥೆ 1983ರಲ್ಲಿ ವಾರ್‌ಹ್ಯಾಮರ್, 1987ರಲ್ಲಿ ವಾರ್‌ಹ್ಯಾಮರ್ 40,000 ಎಂಬ ಆಟಗಳನ್ನು ಹೊರತಂದಿತು. ಅದರ ಕೇಂದ್ರ ಇಂದು ಈ ನಗರದಲ್ಲಿದೆ. ಅಲ್ಲಿ ಕೆಲಸ ಕಲಿತ ಶಿಲ್ಪಿಗಳು, ಲೇಖಕರು ಹೊರಬಂದು ಸುತ್ತಮುತ್ತ ತಮ್ಮದೇ ಸಂಸ್ಥೆಗಳನ್ನು ಕಟ್ಟಿದ್ದರಿಂದ ಈ ಸೀಮೆಗೆ 'ಸೀಸದ ಪಟ್ಟಿ' ಎಂಬ ಅಡ್ಡಹೆಸರೇ ಬಿದ್ದಿದೆ. ಒಂದು ಕಾಲಕ್ಕೆ ಬೊಂಬೆಗಳನ್ನು ಸೀಸದಲ್ಲಿ ಎರಕ ಹೊಯ್ಯುತ್ತಿದ್ದುದರ ನೆನಪು ಅದು.

ಬಣ್ಣ, ಹವೆ, ಪ್ರಯಾಣ

ಬಣ್ಣ ಹಚ್ಚುವ ಕ್ರಮ ಸರಳ, ತಾಳ್ಮೆ ಮಾತ್ರ ದುಬಾರಿ. ಮೊದಲು ಬಣ್ಣ ಹಿಡಿಯುವಂತೆ ಪ್ರೈಮರ್ ಬಳಿಯಬೇಕು. ಆಮೇಲೆ ನೀರು ಬೆರೆಸಿದ ಅಕ್ರಿಲಿಕ್ ಬಣ್ಣವನ್ನು ತೆಳುವಾಗಿ ಎರಡು ಸಲ ಹಚ್ಚಬೇಕು. ಮಡಿಕೆಗಳಲ್ಲಿ ಇಳಿದು ನೆರಳಿನಂತೆ ನಿಲ್ಲಲು ತಿಳಿಯಾದ ಕಡುಬಣ್ಣ. ಕೊನೆಗೆ, ಬಹುಪಾಲು ಒರೆಸಿ ಒಣಗಿಸಿದ ಕುಂಚದಿಂದ ಉಬ್ಬುಗಳ ಮೇಲೆ ತಿಳಿಬಣ್ಣದ ಸವರಿಕೆ.

ನಾವು ಯಾವ ದೇಶದಲ್ಲಿದ್ದೇವೆ ಎಂಬುದು ಮುಖ್ಯವಾಗುವುದು ಇಲ್ಲಿಯೇ. ಸ್ಪ್ರೇ ಪ್ರೈಮರ್ ಹೆಚ್ಚು ಚಳಿಯನ್ನಾಗಲಿ ತೇವವನ್ನಾಗಲಿ ಸಹಿಸದು. ನನ್ನ ಮೊದಲ ಇಪ್ಪತ್ತು ಸೈನಿಕರಿಗೆ ಜನವರಿಯ ರಾತ್ರಿ ಹಿತ್ತಲಿನಲ್ಲಿ ಸ್ಪ್ರೇ ಮಾಡಿ, ಮರಳು ಮೆತ್ತಿದಂತಾದ ಮುಖಗಳನ್ನು ಬೆಳಗ್ಗೆ ಕಂಡು ಪೆಚ್ಚಾದೆ. ಸಿಂಗಪುರದಂಥ ತೇವದ ಊರಿನಲ್ಲಿ, ಹಿತ್ತಲೇ ಇಲ್ಲದ ಅಪಾರ್ಟ್‌ಮೆಂಟುಗಳಲ್ಲಿ, ಕುಂಚದಿಂದ ಹಚ್ಚುವ ಪ್ರೈಮರ್ ಲೇಸು. ಗಲ್ಫ್ ನಾಡಿನ ಒಣಹವೆಯಲ್ಲಿ ತಟ್ಟೆಯ ಬಣ್ಣ ನಿಮಿಷಗಳಲ್ಲಿ ಒಣಗುತ್ತದೆ. ಡಬ್ಬಿಯಲ್ಲಿ ಒದ್ದೆ ಸ್ಪಂಜು ಇಟ್ಟು, ಮೇಲೆ ಬೇಕಿಂಗ್ ಕಾಗದ ಹಾಸಿ, ಅದರ ಮೇಲೆ ಬಣ್ಣ ಕಲಸಿದರೆ ಗಂಟೆಗಟ್ಟಲೆ ಹಸಿಯಾಗಿರುತ್ತದೆ. ಎಲ್ಲಿದ್ದರೂ ರೆಸಿನ್ ಉಜ್ಜುವಾಗ ಮುಖಕ್ಕೆ ಮಾಸ್ಕ್ ಧರಿಸಿ, ನೀರಿನಲ್ಲಿ ತೋಯಿಸಿಕೊಂಡೇ ಉಜ್ಜಬೇಕು. ಅದರ ಪುಡಿ ಶ್ವಾಸಕೋಶಕ್ಕೆ ಕೆಟ್ಟದ್ದು.

ಮನೆ ಬದಲಿಸುವವರಿಗೆ, ದೇಶ ಬದಲಿಸುವವರಿಗೆ ಇನ್ನೊಂದು ಕಿವಿಮಾತು. ಬೊಂಬೆಗಳ ಪೀಠದಡಿ ಪುಟ್ಟ ಅಯಸ್ಕಾಂತ ಅಂಟಿಸಿ, ಕಬ್ಬಿಣದ ತಗಡು ಹಾಸಿದ ಡಬ್ಬಿಯಲ್ಲಿ ನಿಲ್ಲಿಸಿದರೆ ಅವು ಅಲುಗಾಡವು. ವಿಮಾನದಲ್ಲಿ ಬೊಂಬೆಗಳನ್ನು ಕೈಚೀಲದಲ್ಲಿಯೇ ಒಯ್ಯಿರಿ. ಚಾಕು, ಬ್ಲೇಡುಗಳು ಕಳುಹಿಸುವ ಸಾಮಾನಿನಲ್ಲಿರಲಿ. ಸ್ಪ್ರೇ ಬಣ್ಣವನ್ನು ಎರಡರಲ್ಲೂ ಒಯ್ಯುವಂತಿಲ್ಲ. ಈ ಬುದ್ಧಿ ಬರುವ ಮೊದಲು ಒಮ್ಮೆ ಮೈಸೂರಿಗೆ ಸೂಟ್‌ಕೇಸಿನಲ್ಲಿ ತುಂಬಿಕೊಂಡು ಹೋಗಿ, ಅರ್ಧ ತುಕಡಿಯ ಬಂದೂಕುಗಳನ್ನು ಬಗ್ಗಿಸಿಕೊಂಡಿದ್ದೇನೆ.

ಸುಲ್ತಾನಪೇಟೆಯ ತೋಪು

ಬಣ್ಣ ಹಚ್ಚುವುದು ಒಂಟಿ ಕೆಲಸ; ಆಡಲು ಎದುರಾಳಿ ಬೇಕು. ಅದಕ್ಕಾಗಿ ಇಲ್ಲಿನ ಊರೂರುಗಳಲ್ಲಿ ಕ್ಲಬ್ಬುಗಳಿವೆ. ವಾರಕ್ಕೊಂದು ಸಂಜೆ, ಬಾಡಿಗೆಗೆ ಪಡೆದ ಒಂದು ಸಭಾಂಗಣ, ಮಡಚುವ ಮೇಜುಗಳು, ಚಹಾ. ಹೊರದೇಶದಿಂದ ಬಂದವನಿಗೆ ಇಲ್ಲಿನವರೊಡನೆ ಹವೆಯ ಮಾತು ಮುಗಿದ ಮೇಲೆ ಮುಂದೇನು ಮಾತಾಡುವುದು ಎಂಬುದೇ ಕಷ್ಟ. ಮೇಜಿನ ಎದುರುಬದುರು ಮೂರು ಗಂಟೆ ಕಳೆಯುವಾಗ ಆ ಕಷ್ಟವಿಲ್ಲ. ಮಾತಾಡಲು ಆಟವೇ ಇದೆ.

ಒಂದು ಸಂಜೆ ನಮ್ಮ ಕ್ಲಬ್ಬಿನ ಹಿರಿಯರೊಬ್ಬರು, ನನಗಾಗಿಯೇ ಎಂದು ಹೇಳಿ, ಹೊಸ ರಣರಂಗವೊಂದನ್ನು ಸಿದ್ಧಪಡಿಸಿ ತಂದರು. ಪ್ರಸಂಗ 1799ರ ಏಪ್ರಿಲ್ 5ರ ರಾತ್ರಿಯದು. ಶ್ರೀರಂಗಪಟ್ಟಣವನ್ನು ಮುತ್ತಲು ಬಂದ ಜನರಲ್ ಹ್ಯಾರಿಸನ ಸೈನ್ಯಕ್ಕೆ ಕೋಟೆಯ ಹೊರಗಿನ ಸುಲ್ತಾನಪೇಟೆಯ ತೋಪು ಅಡ್ಡಿಯಾಗಿತ್ತು. ಮೈಸೂರಿನ ಪಡೆ ಅಲ್ಲಿ ಅಡಗಿ ರಾಕೆಟ್ಟುಗಳನ್ನು ಹಾರಿಸುತ್ತಿತ್ತು. ಅದನ್ನು ವಶಪಡಿಸಿಕೊಳ್ಳಲು ಹೋದ ಕರ್ನಲ್ ಆರ್ಥರ್ ವೆಲ್ಲೆಸ್ಲಿ ಕತ್ತಲಲ್ಲಿ ದಾರಿ ತಪ್ಪಿ, ಮೊಣಕಾಲಿಗೆ ಪೆಟ್ಟು ತಿಂದು, ತನ್ನ ಪಡೆ ಚದುರಿದ್ದನ್ನು ಕಂಡು ಹಿಂದಿರುಗಿದ. ಸೆರೆಸಿಕ್ಕ ಹನ್ನೆರಡು ಮಂದಿ ಜೀವಸಹಿತ ಮರಳಲಿಲ್ಲ. ಮರುದಿನ ಹಗಲು ಬೆಳಕಿನಲ್ಲಿ ತೋಪು ಅವನ ಕೈಸೇರಿತು. ಹದಿನಾರು ವರ್ಷಗಳ ಅನಂತರ ವಾಟರ್‌ಲೂವಿನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ವೆಲಿಂಗ್ಟನ್ ಇವನೇ.

ಹಿರಿಯರ ಮೇಜಿನ ನಡುವೆ ಒಂದು ದೊಡ್ಡ ಗುಮ್ಮಟವಿತ್ತು. ಇದೇನೆಂದು ಕೇಳಿದೆ. "ಇದೇ ಆ ಟೋಪ್" ಎಂದರು. ಇಂಗ್ಲಿಷ್ ನಿಘಂಟಿನಲ್ಲಿ ಆ ಪದಕ್ಕೆ ಬೌದ್ಧ ಸ್ತೂಪವೆಂಬ ಅರ್ಥವೂ ಇದೆ. ಅವರು ಅದನ್ನು ನಂಬಿ ವಾರಗಟ್ಟಲೆ ಶ್ರಮಪಟ್ಟಿದ್ದರು. "ಇದು ನಮ್ಮ ತೋಪು, ಮರಗಳ ಗುಂಪು. ದಕ್ಷಿಣ ಭಾರತದ ಭಾಷೆಗಳಿಂದಲೇ ನಿಮ್ಮ ಸೈನಿಕರ ಬಾಯಿಗೆ ಬಂದ ಮಾತು" ಎಂದೆ. ಅವರು ಒಂದು ಗಳಿಗೆ ಸುಮ್ಮನಿದ್ದು, ಗುಮ್ಮಟವನ್ನೆತ್ತಿ ಕೆಳಗಿಟ್ಟು, "ಹಾಗಾದರೆ ಏನೇನು ಮರಗಳು, ಹೇಳಿ" ಎಂದು ನೋಟ್‌ಬುಕ್ ತೆರೆದರು. ತೆಂಗು, ಅಡಿಕೆ, ಬಿದಿರು; ನಡುವೆ ಕಾಲುವೆಗಳು. ಕತ್ತಲಲ್ಲಿ ಸೈನಿಕರು ಎಡವಿದ್ದು ಆ ಕಾಲುವೆಗಳಲ್ಲಿಯೇ. ಅಲ್ಲಿಯವರೆಗೆ ಕ್ಲಬ್ಬಿನಲ್ಲಿ ನಾನು ಕಲಿಯುವವನು. ಆ ಸಂಜೆ ಮೊದಲ ಬಾರಿಗೆ ನನ್ನನ್ನು ಕೇಳಿ ಬರೆದುಕೊಂಡರು.

ಮುಂದಿನ ತಿಂಗಳು ಸೈನ್ಯಗಳನ್ನು ನಾನೇ ಸಿದ್ಧಪಡಿಸಿದೆ. ಹುಲಿಯ ಮೈಗುರುತನ್ನು ನೆನಪಿಸುವ ಅಂಗಿ ತೊಟ್ಟ ಟಿಪ್ಪುವಿನ ಪದಾತಿಗಳಿಗೆ ಬಣ್ಣ ಹಚ್ಚುವಾಗ ಉತ್ಸಾಹವಿತ್ತು. ಎದುರು ಪಕ್ಷಕ್ಕೆ ಬಂದಾಗ ಕೈ ನಿಂತಿತು. 'ಇಂಗ್ಲಿಷ್ ಸೈನ್ಯ' ಎಂದು ನಾವು ಶಾಲೆಯಲ್ಲಿ ಓದಿದ ಹ್ಯಾರಿಸನ ಸೈನ್ಯದ ಬಹುಪಾಲು ಸಿಪಾಯಿಗಳು ಭಾರತೀಯರು. ಜೊತೆಗೆ ಹೈದರಾಬಾದಿನ ನಿಜಾಮನ ಪಡೆಯೂ ಇತ್ತು. ಕೆಂಪು ಕೋಟಿನ ಮೇಲೆ ಒಂದಾದ ಮೇಲೊಂದು ಕಂದು ಮುಖಗಳನ್ನು ಬರೆಯುತ್ತಾ ಹೋದಂತೆ, ಪಠ್ಯಪುಸ್ತಕ ಹೇಳದೆ ಬಿಟ್ಟದ್ದನ್ನು ಕುಂಚ ಹೇಳುತ್ತಿದೆ ಎನಿಸಿತು. ಆ ಕಾಲದ ನೆನಪು ನಮ್ಮ ನಾಡಿನೊಳಗೂ ಒಂದೇ ಬಗೆಯದಲ್ಲ; ಶ್ರೀರಂಗಪಟ್ಟಣದ ಮನೆಯಲ್ಲಿ ಕೇಳುವ ಕಥೆ ಬೇರೆ, ಕೊಡಗಿನ ಮನೆಯಲ್ಲಿ ಕೇಳುವ ಕಥೆ ಬೇರೆ.

ನಾನು ಮೈಸೂರಿನ ಪಕ್ಷವನ್ನೇ ವಹಿಸುವೆನೆಂದು ಎಲ್ಲರೂ ಭಾವಿಸಿದ್ದರು. ಮೊದಲ ಆಟದಲ್ಲಿ ಹಾಗೆಯೇ ಆಡಿ ಗೆದ್ದೆ. ಎರಡನೆಯದರಲ್ಲಿ ಬೇಕೆಂದೇ ವೆಲ್ಲೆಸ್ಲಿಯ ಕುರ್ಚಿಯಲ್ಲಿ ಕುಳಿತೆ. ರಾತ್ರಿಯ ನಿಯಮದ ಪ್ರಕಾರ ಪ್ರತಿ ತುಕಡಿ ಹೋಗುವ ದಿಕ್ಕನ್ನು ದಾಳ ಹೇಳುತ್ತದೆ. ನಾಲ್ಕನೆಯ ಸರದಿಗೆ ನನ್ನ ತುಕಡಿಗಳು ನಾಲ್ಕು ದಿಕ್ಕಿಗೆ ಚದುರಿದ್ದವು. ನಮ್ಮೂರಿನ ತೋಪಿನಲ್ಲಿ ನಾನೇ ದಾರಿ ತಪ್ಪಿದ್ದೆ.

ಹೊಸಬರಿಗೆ

ಆರಂಭಿಸುವವರು ದೊಡ್ಡ ಸೈನ್ಯವನ್ನು ಕೊಳ್ಳಬೇಡಿ. ಹತ್ತು ಬೊಂಬೆ ಸಾಕಾಗುವ ಆಟಗಳಿವೆ; 2015ರಲ್ಲಿ ಬಂದ ಫ್ರಾಸ್ಟ್‌ಗ್ರೇವ್ ಅಂಥದೊಂದು. ಮೊದಲು ಕ್ಲಬ್ಬಿಗೆ ಬರಿಗೈಯಲ್ಲಿ ಹೋಗಿ, ಅಲ್ಲಿನವರು ಏನು ಆಡುತ್ತಾರೆಂದು ನೋಡಿ, ಅದನ್ನೇ ಕೊಳ್ಳಿ. ಎದುರಾಳಿಯಿಲ್ಲದ ಸೈನ್ಯ ಕಪಾಟಿನ ಅಲಂಕಾರವಷ್ಟೆ. ಬ್ರಿಟನ್ನಿನಲ್ಲಿರುವವರು ಲಂಡನ್ನಿನಲ್ಲಿ ನಡೆಯುವ ಸಲ್ಯೂಟ್ ಮೇಳಕ್ಕೂ, ಅಮೆರಿಕದಲ್ಲಿರುವವರು ಹಿಸ್ಟಾರಿಕಾನ್‌ಗೂ ಒಮ್ಮೆ ಹೋಗಿ ಬರಬಹುದು.

ಕಳೆದ ದಸರೆಗೆ ನಾಟಿಂಗ್‌ಹ್ಯಾಮಿನ ಮನೆಯಲ್ಲಿ ಬೊಂಬೆ ಕೂರಿಸಿದಾಗ, ಕೆಳಗಿನ ಮೆಟ್ಟಿಲಿನಲ್ಲಿ ಎರಡೂ ಪಕ್ಷದ ಸೈನಿಕರನ್ನು ತೆಂಗಿನ ಮರಗಳ ನಡುವೆ ನಿಲ್ಲಿಸಿದೆ. ವಿಡಿಯೋ ಕರೆಯಲ್ಲಿ ಅಮ್ಮ ಕನ್ನಡಕ ಸರಿಪಡಿಸಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ, "ಚೆನ್ನಾಗಿದೆ ಕಣೋ. ಆದ್ರೆ ಈ ಕಡೆಯವರ ಬಂದೂಕೆಲ್ಲ ಯಾಕೆ ಬಗ್ಗಿದೆ?" ಎಂದು ಕೇಳಿದರು.