ತೋಟಾಗಳ ರೋಗನಿದಾನ

ಮನುಷ್ಯನ ವ್ಯಾಧಿಗಳಿಗೆ ನಿದಾನಶಾಸ್ತ್ರವಿರುವಂತೆ ಲೋಹದ ವ್ಯಾಧಿಗಳಿಗೂ ಒಂದು ನಿದಾನಶಾಸ್ತ್ರವುಂಟು. ಅದರ ಒಂದು ಮುಖ್ಯಾಧ್ಯಾಯವು ಭರತಖಂಡದ ಮಳೆಗಾಲಕ್ಕೂ ಕುದುರೆಲಾಯಗಳಿಗೂ ಸಂಬಂಧಪಟ್ಟುದೆಂಬುದು ಹಲವರು ಅರಿಯದ ಸಂಗತಿ.

1857ರ ದಂಗೆಗೆ ಒಂದು ನಿಮಿತ್ತವಾದ ತೋಟಾಗಳು ಕಾಗದದವು. ಅನಂತರದ ದಶಕದಲ್ಲಿ ಸ್ನೈಡರ್ ಬಂದೂಕಿಗಾಗಿ ತೆಳುವಾದ ಹಿತ್ತಾಳೆಯ ಹಾಳೆಯನ್ನು ಸುರುಳಿ ಸುತ್ತಿದ ತೋಟಾ ಬಂದಿತು. 1888ರಲ್ಲಿ ಅಂಗೀಕೃತವಾದ ಲೀ-ಮೆಟ್‌ಫರ್ಡ್ ಬಂದೂಕಿಗೆ ಹಿತ್ತಾಳೆಯ ಬಿಲ್ಲೆಯನ್ನು ಒತ್ತಿ, ಎಳೆದು, ಬೆಸುಗೆಯಿಲ್ಲದ ಕೋಶವನ್ನು ಮಾಡಿದರು. ನೂರರಲ್ಲಿ ಎಪ್ಪತ್ತು ಪಾಲು ತಾಮ್ರ, ಮೂವತ್ತು ಪಾಲು ಸತುವು ಸೇರಿದ ಹಿತ್ತಾಳೆಯೇ ಇಂತಹ ಕೋಶಗಳಿಗೆ ಯೋಗ್ಯವೆನಿಸಿತು. ಮದ್ದು ಉರಿದಾಗ ಇದು ಹಿಗ್ಗಿ ನಳಿಗೆಯ ಗೋಡೆಗೆ ಅಂಟಿ ಬೆಂಕಿಗಾಳಿಯನ್ನು ತಡೆಯುತ್ತದೆ. ಮರುಕ್ಷಣವೇ ಕುಗ್ಗಿ ಹೊರಬರುತ್ತದೆ. ಕೋಶವು ಸೀಳಿದರೆ ಆ ಉರಿಗಾಳಿಯು ಹಿಂದಕ್ಕೆ ಹಾಯ್ದು ಹಾರಿಸುವವನ ಕಣ್ಣಿಗೇ ಅಪಾಯ.

ಮಳೆಗಾಲದಲ್ಲಿ ದಂಡಿನ ಚಟುವಟಿಕೆಗಳು ತಗ್ಗುತ್ತಿದ್ದುದರಿಂದ ತೋಟಾಗಳನ್ನು ಲಾಯಗಳಲ್ಲಿ ಕೂಡಿಡುವುದಿತ್ತು. ಮಳೆ ನಿಂತು ತೆಗೆದು ನೋಡಿದರೆ ಅನೇಕ ಕೋಶಗಳು ಬಿರಿದಿರುತ್ತಿದ್ದವು. ಯಾರೂ ಹಾರಿಸಿರಲಿಲ್ಲ, ಯಾರೂ ಬಡಿದಿರಲಿಲ್ಲ. ಒಣಗುವ ಮರ ಬಿರಿಯುವುದಕ್ಕೆ ಸಮವೆಂದೆಣಿಸಿ ಆಂಗ್ಲರು ಇದನ್ನು ‘ಸೀಸನ್ ಕ್ರ್ಯಾಕಿಂಗ್’ ಎಂದರು. ಹೆಸರು ದೊರೆಯಿತು, ಕಾರಣ ದೊರೆಯಲಿಲ್ಲ.

1921ರಲ್ಲಿ ಮೂರ್, ಬೆಕಿನ್‌ಸೇಲ್, ಮ್ಯಾಲಿನ್ಸನ್ ಎಂಬ ಮೂವರು ಸಂಶೋಧಕರು ಇದರ ಕಾರಣವನ್ನು ವಿವರಿಸಿದರು. ನಮ್ಮ ತಾರ್ಕಿಕರ ಅನ್ವಯವ್ಯತಿರೇಕ ಕ್ರಮಕ್ಕೆ ಇದೊಂದು ಒಳ್ಳೆಯ ದೃಷ್ಟಾಂತ. ತಣ್ಣಗೆ ಎಳೆದ ಹಿತ್ತಾಳೆಯಲ್ಲಿ ಕಣ್ಣಿಗೆ ಕಾಣದ ಒಳಬಿಗಿತವೊಂದು ಉಳಿಯುತ್ತದೆ. ಕುದುರೆಯ ಮೂತ್ರದಿಂದ ಅಮೋನಿಯಾ ಹುಟ್ಟಿ ತೇವದ ಗಾಳಿಯಲ್ಲಿ ಬೆರೆಯುತ್ತದೆ. ಒಳಬಿಗಿತವಿದ್ದು ಅಮೋನಿಯಾ ಸೋಂಕದಿದ್ದರೆ ಈ ಬಿರುಕಿಲ್ಲ. ಸೋಂಕಿದರೂ ಒಳಬಿಗಿತವಿಲ್ಲದಿದ್ದರೆ ಬಿರುಕಿಲ್ಲ. ಎರಡೂ ಕೂಡಿದಾಗಲೇ ಲೋಹದ ಕಣಗಳ ಸಂಧಿಗಳಲ್ಲಿ ಬಿರುಕು ಹರಿಯುತ್ತದೆ.

ನಿದಾನವು ತಿಳಿದ ಮೇಲೆ ಚಿಕಿತ್ಸೆಯು ಸುಲಭವಾಯಿತು. ಕೋಶವನ್ನು ಮಿತವಾದ ಶಾಖದಲ್ಲಿ ಕಾಯಿಸಿದರೆ ಅದರ ಗಡಸುತನ ಕೆಡದೆ ಒಳಬಿಗಿತ ಮಾತ್ರ ಸಡಿಲುತ್ತದೆ. ಬಡಿದ ಪಾತ್ರೆಯನ್ನು ನಡುನಡುವೆ ಕಾಯಿಸುವ ನಮ್ಮ ಕಂಚುಗಾರರಿಗೆ ಈ ಮಾತಿನ ಮರ್ಮ ಹೊಸದಲ್ಲ. ಪಾದರಸದ ಲವಣದ ದ್ರಾವಣದಲ್ಲಿ ಕೋಶವನ್ನು ಅದ್ದಿ ಪರೀಕ್ಷಿಸುವ ಕ್ರಮವೂ ರೂಢಿಯಲ್ಲಿತ್ತು. ಬಿಗಿತ ಉಳಿದಿದ್ದರೆ ಕೋಶವು ಅಲ್ಲಿಯೇ ಬಿರಿದು ತನ್ನ ದೋಷವನ್ನು ತಾನೇ ಹೇಳುತ್ತಿತ್ತು.

ಬರಿದಾದ ಕೋಶಗಳಿಗೆ ಕೈಯಿಂದ ಮತ್ತೆ ಮದ್ದು ತುಂಬಿ ಪರೀಕ್ಷಿಸುವವರಿಗೂ ಈ ವಿವೇಕವು ಅವಶ್ಯ. ಬಿರುಕುಗಳೆಲ್ಲ ಒಂದೇ ಜಾತಿಯವಲ್ಲ. ಕತ್ತಿನಲ್ಲಿ ಉದ್ದಕ್ಕೆ ಸೀಳಿದ್ದರೆ ಲೋಹವು ಪದೇಪದೇ ಒತ್ತಿಸಿಕೊಂಡು ಪೆಡಸಾಗಿರಬಹುದು, ಇಲ್ಲವೆ ಅಮೋನಿಯಾ ತಗುಲಿರಬಹುದು. ಬುಡದ ಮೇಲ್ಗಡೆ ಬಳೆಯಂತೆ ಹೊಳೆಯುವ ಗೆರೆಯಿದ್ದರೆ ಕೋಶವು ಉದ್ದಕ್ಕೆ ಜಗ್ಗಿ ಗೋಡೆ ತೆಳುವಾಗಿದೆ. ಇನ್ನೊಮ್ಮೆ ಹಾರಿಸಿದರೆ ಎರಡು ತುಂಡಾದೀತು. ಬುಡದ ಕಿಡಿಬಟ್ಟಲಿನ ಕುಳಿ ಸಡಿಲವಾಗಿದ್ದರೆ ಮದ್ದಿನ ಒತ್ತಡ ಮಿತಿಮೀರಿದುದರ ಶಂಕೆ. ಮೊದಲನೆಯ ದೋಷಕ್ಕೆ ಮದ್ದನ್ನು ತಗ್ಗಿಸಿ ಫಲವಿಲ್ಲ. ಮೂರನೆಯದಕ್ಕೆ ಕೋಶವನ್ನು ಮಾತ್ರ ಬದಲಿಸಿ ಫಲವಿಲ್ಲ.

ಲಾಯದ ತೋಟಾಗಳ ವಿಷಯದಲ್ಲಿ ಮದ್ದು ನಿರ್ದೋಷಿ, ಸಿಪಾಯಿಯೂ ನಿರ್ದೋಷಿ. ದೋಷದ ಒಂದು ಪಾಲು ಕಾರ್ಖಾನೆಯಿಂದಲೇ ಲೋಹದೊಳಗೆ ಬಂದಿತ್ತು; ಇನ್ನೊಂದು ಪಾಲು ಲಾಯದ ಗಾಳಿಯಲ್ಲಿ ಅದಕ್ಕಾಗಿ ಕಾದಿತ್ತು.