ಸೋಮನಾಥಪುರದ ಶಿಲ್ಪದಲ್ಲಿ ಮುಸುಕಿನ ಜೋಳವೇ?

ಮುಳಬಾಗಿಲು ತಾಲ್ಲೂಕಿನಲ್ಲಿ, ಆಂಧ್ರದ ಗಡಿಗೆ ಹತ್ತಿರವಿರುವ ಹೋಬಳಿ ಬೈರಕೂರು. ಈ ಸೀಮೆಯ ಹೊಲ-ತೋಟಗಳಲ್ಲಿ ಈಗ ಕಾಣುವ ಬೆಳೆಗಳನ್ನು ಹೆಸರಿಸುತ್ತ ಹೋದರೆ ಅರ್ಧಕ್ಕರ್ಧ ಅಮೆರಿಕ ಖಂಡಗಳವು. ಎನ್.ವಡ್ಡಹಳ್ಳಿ ಮಾರುಕಟ್ಟೆಗೆ ಬಾಕ್ಸುಗಟ್ಟಲೆ ಹೋಗುವ ಟೊಮೆಟೊ, ಮೆಣಸಿನಕಾಯಿ, ಕಡಲೆಕಾಯಿ, ಆಲೂಗಡ್ಡೆ, ಮುಸುಕಿನ ಜೋಳ, ಸಿಹಿಗೆಣಸು, ಸೀಬೆ, ಪರಂಗಿ, ಕಡೆಗೆ ಆಯುಧಪೂಜೆಯ ಚೆಂಡುಹೂವು ಕೂಡ. 1492ರಲ್ಲಿ ಕೊಲಂಬಸ್ ಕೆರಿಬಿಯನ್ ದ್ವೀಪಗಳನ್ನು ಮುಟ್ಟಿದ. 1510ರಲ್ಲಿ ಪೋರ್ಚುಗೀಸರು ಗೋವೆಯನ್ನು ಹಿಡಿದರು. ಅಲ್ಲಿಂದ ಮುಂದಿನ ನೂರಾರು ವರ್ಷಗಳಲ್ಲಿ ಈ ಬೆಳೆಗಳು ಒಂದೊಂದಾಗಿ ಒಳನಾಡಿಗೆ ಬಂದವು ಎಂಬುದು ಒಪ್ಪಿತವಾದ ಚರಿತ್ರೆ. ಈ ಚರಿತ್ರೆಯನ್ನು ಅಲುಗಿಸುವ ವಾದವೊಂದು ಕರ್ನಾಟಕದ ದೇವಾಲಯವನ್ನೇ ಸಾಕ್ಷಿಗೆ ಕರೆದು ಹುಟ್ಟಿತ್ತು.

ಕೇಶವ ದೇವಾಲಯದ ಮೇಲಿನ ವಾದ

ಟಿ. ನರಸೀಪುರ ತಾಲ್ಲೂಕಿನ ಸೋಮನಾಥಪುರದ ಕೇಶವ ದೇವಾಲಯವನ್ನು ಹೊಯ್ಸಳ ಮೂರನೆಯ ನರಸಿಂಹನ ದಂಡನಾಯಕ ಸೋಮನಾಥ 1258ರಲ್ಲಿ ಕಟ್ಟಿಸಿದ. ಇದರ ಹೊರಗೋಡೆಯ ಹಲವು ಮೂರ್ತಿಗಳು ಕೈಯಲ್ಲೊಂದು ವಸ್ತುವನ್ನು ಹಿಡಿದಿವೆ. ಬುಡದಲ್ಲಿ ದಪ್ಪ, ತುದಿಯತ್ತ ಸಣ್ಣ. ಮೈತುಂಬ ಒತ್ತೊತ್ತಾಗಿ ಕೂರಿಸಿದ ಮಣಿಗಳ ಸಾಲು. ಮೊದಲ ನೋಟಕ್ಕೆ ಸಿಪ್ಪೆ ಸುಲಿದ ಜೋಳದ ತೆನೆ ಎಂದೇ ಅನ್ನಿಸುತ್ತದೆ.

ಅಮೆರಿಕದ ಆರೆಗಾನ್ ವಿಶ್ವವಿದ್ಯಾಲಯದ ಭೂಗೋಳ ತಜ್ಞ ಕಾರ್ಲ್ ಯೊಹಾನೆಸನ್ ಅದು ಜೋಳವೇ ಎಂದರು. ಆನ್ ಪಾರ್ಕರ್ ಅವರ ಜೊತೆಗೂಡಿ 1989ರಲ್ಲಿ 'ಎಕನಾಮಿಕ್ ಬಾಟನಿ' ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಅವರು ತೆನೆಯ ಉದ್ದಗಲದ ಅನುಪಾತ, ಕಾಳಿನ ಆಕಾರ, ಸಾಲುಗಳ ಜೋಡಣೆ ಎಲ್ಲವನ್ನೂ ಅಳೆದು ತೋರಿಸಿದರು. ಒಂದು ಶಿಲ್ಪದಿಂದ ಇನ್ನೊಂದಕ್ಕೆ ಕಾಣುವ ವ್ಯತ್ಯಾಸ ನಿಜವಾದ ತೆನೆಗಳಲ್ಲಿರುವಂಥದ್ದೇ. ಕಣ್ಣೆದುರು ತೆನೆ ಇಟ್ಟುಕೊಳ್ಳದೆ ಶಿಲ್ಪಿ ಹೀಗೆ ಕೆತ್ತಲಾರ. ಆದ್ದರಿಂದ ಕೊಲಂಬಸ್‌ಗಿಂತ ಮೊದಲೇ ಯಾರೋ ಸಾಗರ ದಾಟಿ ಜೋಳವನ್ನು ಭಾರತಕ್ಕೆ ತಂದಿದ್ದರು ಎಂಬುದು ಅವರ ತರ್ಕ.

ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಎಂ.ಎಂ. ಪಾಯಕ್ ಮತ್ತು ಜೆ.ಕೆ.ಎಸ್. ಸಚನ್ ಇದನ್ನು ಒಪ್ಪಲಿಲ್ಲ. ವಾದ ಆ ಪ್ರಬಂಧಕ್ಕೂ ಮೊದಲೇ ಕೇಳಿಬಂದಿದ್ದರಿಂದ 1988ರಲ್ಲೇ 'ನೇಚರ್' ಪತ್ರಿಕೆಯಲ್ಲೂ, ಆಮೇಲೆ 1993ರಲ್ಲಿ 'ಎಕನಾಮಿಕ್ ಬಾಟನಿ'ಯಲ್ಲೂ ಅವರು ಉತ್ತರ ಬರೆದರು. ಅವರ ಪ್ರಕಾರ ಆ ವಸ್ತು ಮುಕ್ತಾಫಲ, ಅಂದರೆ ಮುತ್ತುಗಳನ್ನು ಪೋಣಿಸಿದ ಕಲ್ಪನೆಯ ಹಣ್ಣು.

ಈ ಉತ್ತರವೇ ನನಗೆ ಹೆಚ್ಚು ಸರಿ ಎನ್ನಿಸುತ್ತದೆ. ಹೊಯ್ಸಳ ಶಿಲ್ಪಿ ಬಳಸಿದ್ದು ಬಳಪದ ಕಲ್ಲು. ಉಳಿಗೆ ಮೆತ್ತಗೆ ಒದಗುವ ಕಲ್ಲು. ಕಿರೀಟ, ಕಂಠೀಹಾರ, ಡಾಬು, ಪ್ರಭಾವಳಿ, ಎಲ್ಲೆಲ್ಲೂ ಅವನು ಮುತ್ತಿನ ಸಾಲುಗಳನ್ನು ಕಡೆದಿದ್ದಾನೆ. ದೇವತೆಗಳ ಕೈಗೆ ಹಣ್ಣು ಕೊಡುವುದೂ ನಮ್ಮ ಮೂರ್ತಿಶಿಲ್ಪದಲ್ಲಿ ಹಳೆಯ ಸಂಪ್ರದಾಯ. ಲಕ್ಷ್ಮಿ, ಕುಬೇರರ ಕೈಯ ಮಾದಲದ ಹಣ್ಣು ಅಂಥದ್ದು. ಆ ಹಣ್ಣಿಗೂ ಮುತ್ತು ತೊಡಿಸಿದ್ದರೆ ಅದು ಆ ಶಿಲ್ಪಿಯ ಕೈಗುಣಕ್ಕೆ ಒಪ್ಪುವ ಕೆಲಸವೇ.

ಇನ್ನೊಂದು ಸಂಗತಿಯೂ ಉಂಟು. ಮುಸುಕಿನ ಜೋಳ ತಾನಾಗಿ ಕಾಳುದುರಿಸಿ ಹುಟ್ಟುವ ಗಿಡವಲ್ಲ. ಮನುಷ್ಯ ಸಿಪ್ಪೆ ಸುಲಿದು, ಕಾಳು ಬಿಡಿಸಿ, ಮತ್ತೆ ಬಿತ್ತಬೇಕು. ಹೊಯ್ಸಳ ನಾಡಿನಲ್ಲಿ ಅದು ಇದ್ದಿದ್ದರೆ ವರ್ಷವರ್ಷವೂ ಬಿತ್ತನೆಯಾಗಿ ಅಡುಗೆಮನೆ ಸೇರಿರಬೇಕಿತ್ತು. 12ನೇ ಶತಮಾನದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲಿ ಅಡುಗೆಯ ವಿವರ ಧಾರಾಳವಾಗಿದೆ. ಅಲ್ಲಿ ಖಾರಕ್ಕಿರುವುದು ಕಾಳುಮೆಣಸು, ಶುಂಠಿ. ಅಮೆರಿಕದ ಜೋಳವಾಗಲಿ ಮೆಣಸಿನಕಾಯಿಯಾಗಲಿ ಸುಳಿಯುವುದಿಲ್ಲ.

ಜೋಳದ ತವರು

ಮುಸುಕಿನ ಜೋಳದ ಪೂರ್ವಜ ತಿಯೊಸಿಂಟೆ ಎಂಬ ಕಾಡುಹುಲ್ಲು. ದಕ್ಷಿಣ ಮೆಕ್ಸಿಕೊದ ಬಾಲ್ಸಾಸ್ ನದಿಯ ಕಣಿವೆಯಲ್ಲಿ ಸುಮಾರು 9000 ವರ್ಷಗಳ ಹಿಂದೆ ಜನ ಅದನ್ನು ಪಳಗಿಸಿದರು. ಅದೇ ಕಣಿವೆಯ ಶಿವಾಟೋಶ್ಟ್ಲ ಎಂಬ ಬಂಡೆಯಾಸರೆಯಲ್ಲಿ ಸಿಕ್ಕ ಅರೆಯುವ ಕಲ್ಲುಗಳ ಸಂದಿಗಳಲ್ಲಿ ಜೋಳದ ಪಿಷ್ಟದ ಕಣಗಳು ಉಳಿದಿದ್ದವು. ಕಾಲ ಸುಮಾರು 8700 ವರ್ಷ ಹಿಂದೆ. ಓಹಾಕಾ ಪ್ರಾಂತದ ಗಿಲಾ ನಾಕಿಟ್ಸ್ ಗವಿಯಲ್ಲಿ ಕೆಂಟ್ ಫ್ಲಾನರಿ ಅಗೆದು ತೆಗೆದ ಪುಟ್ಟ ದಿಂಡುಗಳು ಸುಮಾರು 6250 ವರ್ಷ ಹಳೆಯವು. ಕಾಲ ಹೇಳಬಲ್ಲ ವಸ್ತು ಮಣ್ಣಿನಿಂದಲೇ ಸಿಕ್ಕಿರುವುದರಿಂದ ಈ ಚರಿತ್ರೆ ಗಟ್ಟಿಯಾಗಿ ನಿಂತಿದೆ.

ಪೆಸಿಫಿಕ್ ದಾಟಿದ ಗೆಣಸು

ಕೊಲಂಬಸ್‌ಗಿಂತ ಮೊದಲು ಯಾರೂ ಅಮೆರಿಕದೊಡನೆ ಸಂಪರ್ಕ ಇಟ್ಟಿರಲಿಲ್ಲ ಎಂದು ಇಷ್ಟರಿಂದ ಅರ್ಥ ಮಾಡಿಕೊಳ್ಳಬಾರದು. ಪಾಲಿನೇಷ್ಯದ ಜನ ಇಟ್ಟಿದ್ದರು. ಅವರ ಪೂರ್ವಿಕರು ಲಪಿಟ ಎಂಬ ಚಿತ್ತಾರದ ಮಡಕೆಗಳನ್ನು ಮಾಡುತ್ತ, ಸುಮಾರು 3000 ವರ್ಷಗಳ ಹಿಂದೆ ಟೊಂಗಾ, ಸಮೋವಾ ತನಕ ಬಂದು ನೆಲೆಸಿದರು. ಅವರ ಸಂತತಿ ಜೋಡಿ ದೋಣಿಗಳಲ್ಲಿ, ನಕ್ಷತ್ರ ಮತ್ತು ಅಲೆಗಳ ಗುರುತು ಹಿಡಿದು, ಸುಮಾರು 800 ವರ್ಷಗಳ ಹಿಂದೆ ರಾಪಾ ನುಯಿ ದ್ವೀಪವನ್ನು, ಆಮೇಲೆ ನ್ಯೂಜಿಲೆಂಡನ್ನು ಮುಟ್ಟಿತು. ದಿಕ್ಸೂಚಿಯೇ ಇಲ್ಲದೆ ಭೂಮಿಯ ಅತಿದೊಡ್ಡ ಸಾಗರವನ್ನು ತಮ್ಮದಾಗಿಸಿಕೊಂಡ ಈ ಜನರ ಜಾಣ್ಮೆಯನ್ನು ನಮ್ಮ ಶಾಲಾಪುಸ್ತಕಗಳಲ್ಲಿ ಕೊಲಂಬಸ್‌ಗೂ ಮೊದಲು ಹೇಳಬೇಕಿತ್ತು.

ನಾರ್ವೆಯ ಥೋರ್ ಹೆಯರ್‌ಡಾಲ್ 1947ರಲ್ಲಿ ಪೆರುವಿನಿಂದ 'ಕೋನ್-ಟಿಕಿ' ಎಂಬ ತೆಪ್ಪದಲ್ಲಿ 101 ದಿನ ತೇಲಿ ಪಾಲಿನೇಷ್ಯದ ರರೋಯಿಯ ಹವಳದಿಬ್ಬವನ್ನು ಸೇರಿದ. ದಕ್ಷಿಣ ಅಮೆರಿಕದವರೇ ಈ ದ್ವೀಪಗಳಲ್ಲಿ ಮೊದಲು ನೆಲೆಸಿದರು ಎಂಬುದು ಅವನ ವಾದ. ಅದು ನಿಲ್ಲಲಿಲ್ಲ, ಪಾಲಿನೇಷ್ಯದವರ ಭಾಷೆ, ಮಡಕೆ, ವಂಶವಾಹಿ ಎಲ್ಲವೂ ಏಷ್ಯಾದತ್ತಲೇ ಬೆರಳು ತೋರಿಸಿದವು. ಆದರೆ ಸಿಹಿಗೆಣಸಿನ ಪ್ರಶ್ನೆ ಹಾಗೇ ಉಳಿಯಿತು. ಅಮೆರಿಕದ ಈ ಗೆಡ್ಡೆ ಯುರೋಪಿನವರು ಬರುವ ಮೊದಲೇ ದ್ವೀಪಗಳಲ್ಲಿತ್ತು. ಕುಕ್ ದ್ವೀಪಸಮೂಹದ ಮಂಗಾಯಿಯಾದಲ್ಲಿ ಸಿಕ್ಕ ಸುಟ್ಟ ಗೆಣಸಿನ ಚೂರುಗಳ ಬಗ್ಗೆ ಹೇದರ್ ಮತ್ತು ಕರ್ಚ್ 1991ರಲ್ಲಿ ವರದಿ ಮಾಡಿದರು. ಅವು ಕೊಲಂಬಸ್‌ಗಿಂತ ಹಿಂದಿನವು.

2018ರಲ್ಲಿ ಕೆಲವು ಸಸ್ಯತಜ್ಞರು ಗೆಣಸು ಮನುಷ್ಯರ ನೆರವಿಲ್ಲದೆ ತಾನೇ ದ್ವೀಪಗಳಿಗೆ ಹರಡಿತ್ತು ಎಂದು ವಾದಿಸಿದರು. ಅದರ ಚರ್ಚೆ ಬಿಸಿಯಾಗಿದ್ದಾಗಲೇ 2020ರಲ್ಲಿ 807 ಜನರ ವಂಶವಾಹಿಗಳನ್ನು ಹೋಲಿಸಿದ ಅಧ್ಯಯನ 'ನೇಚರ್'ನಲ್ಲಿ ಬಂತು. ಪೂರ್ವ ಪಾಲಿನೇಷ್ಯದವರಲ್ಲಿ ಅಮೆರಿಕದ ಮೂಲನಿವಾಸಿಗಳ ರಕ್ತದ ಗುರುತಿದೆ, ಆ ಬೆರಕೆ ನಡೆದದ್ದು ಕ್ರಿ.ಶ. 1200ರ ಆಸುಪಾಸು, ಅತಿ ಹತ್ತಿರದ ಹೋಲಿಕೆ ಈಗಿನ ಕೊಲಂಬಿಯಾದ ಝೆನು ಜನರೊಂದಿಗೆ ಎಂದು ಅದು ತೋರಿಸಿತು. ಸೋಮನಾಥಪುರದ ಗುಡಿ ಏಳುವುದಕ್ಕೆ ಸುಮಾರು ಅರ್ಧ ಶತಮಾನ ಮೊದಲು, ಭೂಮಿಯ ಆ ಬದಿಯಲ್ಲಿ ಎರಡು ಜನಾಂಗಗಳು ನಿಜವಾಗಿಯೂ ಕೂಡಿದ್ದವು.

ಮಣ್ಣಿನಲ್ಲಿ ಏನು ಸಿಗಬೇಕು

ನಮ್ಮ ಕರಾವಳಿಯ ಹಳೆಯ ವ್ಯಾಪಾರಕ್ಕೂ ನೆಲದಿಂದ ಸಿಕ್ಕ ಸಾಕ್ಷಿ ಇದೆ. ಕೆಂಪು ಸಮುದ್ರದ ದಡದ ಬೆರೆನಿಕೆ ಬಂದರಿನ ದೇವಾಲಯದಲ್ಲಿ ಭಾರತದ ಹರವಿಯೊಂದರೊಳಗೆ ಸುಮಾರು ಏಳೂವರೆ ಕಿಲೋ ಕಾಳುಮೆಣಸು ಸಿಕ್ಕಿತು. ರೋಮನ್ನರ ಕಾಲದ ವ್ಯಾಪಾರವನ್ನು ಗ್ರಂಥಗಳು ಹೇಳುತ್ತಿದ್ದವು, ಮೆಣಸಿನ ಕಾಳು ಅದನ್ನು ಖಚಿತ ಮಾಡಿತು.

ಕರ್ನಾಟಕದಲ್ಲಿ ಇಂಥ ಕೆಲಸ ಹೆಚ್ಚು ನಡೆದದ್ದು ನವಶಿಲಾಯುಗದ ನೆಲೆಗಳಲ್ಲಿ. ಬಳ್ಳಾರಿಯ ಸಂಗನಕಲ್ಲು, ತೆಕ್ಕಲಕೋಟೆ, ತುಂಗಭದ್ರೆಯ ದಡದ ಹಳ್ಳೂರು ಮುಂತಾದೆಡೆ ರವಿ ಕೋರಿಶೆಟ್ಟರ್, ಡೋರಿಯನ್ ಫುಲ್ಲರ್ ಮತ್ತವರ ಸಂಗಡಿಗರು ಮಣ್ಣನ್ನು ನೀರಿನಲ್ಲಿ ತೇಲಿಸಿ ಬೀಜ ಹುಡುಕಿದರು. ವಿಧಾನ ಸರಳ. ಅಗೆದ ಮಣ್ಣನ್ನು ನೀರು ತುಂಬಿದ ಪಾತ್ರೆಗೆ ಸುರಿದು ಕಲಕಿದರೆ ಮಣ್ಣು ತಳಕ್ಕಿಳಿಯುತ್ತದೆ; ಒಲೆಯಲ್ಲೋ ಕಣದ ಬೆಂಕಿಯಲ್ಲೋ ಸುಟ್ಟು ಇದ್ದಲಾದ ಕಾಳು ಹಗುರ, ಮೇಲೆ ಬರುತ್ತದೆ. ಅದನ್ನು ಸಣ್ಣ ಕಣ್ಣಿನ ಜರಡಿಯಲ್ಲಿ ಹಿಡಿದು, ನೆರಳಲ್ಲಿ ಒಣಗಿಸಿ, ಸೂಕ್ಷ್ಮದರ್ಶಕದಲ್ಲಿ ಒಂದೊಂದನ್ನೇ ಗುರುತಿಸುತ್ತಾರೆ. ಹೀಗೆ ಸಿಕ್ಕವು ಹುರುಳಿ, ಹೆಸರು, ಕೊರಲೆ. ನಾಲ್ಕು ಸಾವಿರ ವರ್ಷ ಹಿಂದಿನ ಈ ಹುರುಳಿಯನ್ನೇ ಕೋಲಾರದ ಕಡೆ ಇವತ್ತಿಗೂ ಬಸ್ಸಾರಿಗೆ ಬೇಯಿಸುತ್ತಾರೆ.

ಹೊಯ್ಸಳರ ಕಾಲದ ಊರುಗಳ ಮಣ್ಣನ್ನು ಇದೇ ಶ್ರದ್ಧೆಯಿಂದ ತೇಲಿಸಿ ನೋಡಬೇಕು. ಗುಡಿಗಳಿಗೆ ಸಿಕ್ಕ ಗಮನ ಆ ಕಾಲದ ರೈತನ ಮನೆಗೆ, ಒಲೆಗೆ, ಹಗೇವಿಗೆ ಸಿಕ್ಕಿಲ್ಲ. ಗಂಗರು, ನೊಳಂಬರು, ಚೋಳರು, ಹೊಯ್ಸಳರು ಆಳಿದ ಮುಳಬಾಗಿಲು ಸೀಮೆಯಲ್ಲಿ ಆವನಿಯಂಥ ಹಳೆಯ ಊರುಗಳಿವೆ. ಅಂಥ ಕಡೆ 13ನೇ ಶತಮಾನದ ಪದರದಲ್ಲಿ ಸುಟ್ಟ ಜೋಳದ ಒಂದು ದಿಂಡು ಸಿಕ್ಕರೂ ಯೊಹಾನೆಸನ್ ಗೆಲ್ಲುತ್ತಾರೆ. ಹುರುಳಿ, ರಾಗಿ, ಅವರೆಗಳಷ್ಟೇ ಸಿಕ್ಕರೆ ಆ ಕಾಲದ ರೈತ ಏನು ಬಿತ್ತಿ ಏನು ಉಣ್ಣುತ್ತಿದ್ದ ಎಂಬುದಾದರೂ ತಿಳಿಯುತ್ತದೆ.