ಗಾಳಿ ನಿಂತರೂ ನೀರು ನಿಲ್ಲೂದಿಲ್ಲ

ನೀರು ತುಂಬಿದ ಪರಾತ ಎತ್ತಿಕೊಂಡು ಅಡಗಿಮನಿಗೆ ಹೊಂಟಾಗ ಏನಾಗತೈತಿ, ನೆನಪು ಮಾಡಿಕೊಳ್ರಿ. ಸ್ವಲ್ಪ ವಾಲಿದರ ಸಾಕು, ನೀರು ಆ ಕಡೆ ಏರತೈತಿ, ಹೊಳ್ಳಿ ಈ ಕಡೆ ಬರತೈತಿ. ಪರಾತ ಕೆಳಗಿಟ್ಟ ಮ್ಯಾಲೂ ಅದರ ತೂಗಾಟ ಒಮ್ಮೆಲೆ ನಿಲ್ಲೂದಿಲ್ಲ.

ದೊಡ್ಡ ಸರೋವರಗಳೂ ಹಿಂಗ ತೂಗತಾವಂತ. ಬಿರುಗಾಳಿ ನೀರನ್ನ ಒಂದು ದಂಡಿಗೆ ದಬ್ಬತೈತಿ. ಕೆಲವೊಮ್ಮೆ ಗಾಳಿಯ ಒತ್ತಡ ಒಂದು ಕಡೆ ಹೆಚ್ಚಾಗಿ ನೀರನ್ನ ಅದುಮತೈತಿ. ಆ ಹಿಡಿತ ಬಿಟ್ಟ ಕೂಡಲೆ ನೀರು ಎದುರು ದಂಡಿಗೆ ಓಡತೈತಿ.

ಸ್ವಿಟ್ಜರ್ಲೆಂಡಿನ ಜಿನೀವಾ ಸರೋವರದ ಮಂದಿ ಇದಕ್ಕ ಮೊದಲಿಂದಲೂ 'ಸೇಶ್' ಅಂತಿದ್ದರು. ಅದರ ದಂಡಿಯ ಮೋರ್ಜ್ ಊರಿನ ಫೋರೆಲ್ ಎಂಬ ಪ್ರಾಧ್ಯಾಪಕರು 1869ರ ಸುಮಾರಿಗೆ ಇದನ್ನ ಅಳೆಯಲು ಕೂತರು. ಎಷ್ಟೋ ವರ್ಷ ನೋಡಿ ನೋಡಿ, ಇಡೀ ಸರೋವರನ ತೊಟ್ಟಿಲದಂಗ ತೂಗತೈತಿ ಅಂತ ತೋರಿಸಿಕೊಟ್ಟರು. ಸುಮಾರು 70 ಕಿಲೋಮೀಟರಿಗಿಂತ ಉದ್ದನ ಆ ತೊಟ್ಟಿಲು ಒಮ್ಮೆ ಹೋಗಿ ಬರಲಿಕ್ಕೆ ಸುಮಾರು 74 ನಿಮಿಷ!

ಇದನ್ನೆಲ್ಲಾ ನಾ ಯಾಕ ಓದಿದೆ ಅಂದರ, ನಮ್ಮ ತಂಗಿ ಮಗಳು ಚಿಕಾಗೋದಾಗ ಅದಾಳ. ಮೊನ್ನೆ ವಿಡಿಯೋ ಕಾಲಿನ್ಯಾಗ ಮಿಶಿಗನ್ ಸರೋವರ ತೋರಿಸಿ, "ದೊಡ್ಡವ್ವಾ, ಮಳಿ ಗಾಳಿ ಎಲ್ಲಾ ನಿಂತೈತಿ, ಕೂಸಿನ್ನ ದಂಡಿಗೆ ಕರಕೊಂಡು ಬಂದೇನಿ" ಅಂದಳು. ಆಚಿ ದಂಡಿನ ಕಾಣವಲ್ಲದು, ಥೇಟ್ ಸಮುದ್ರ.

ಅದ ಊರಾಗ 1954ರ ಜೂನ್ 26, ಶನಿವಾರ ಮುಂಜಾನೆ, ಬಿರುಗಾಳಿಯ ಸಾಲೊಂದು ಸರೋವರ ದಾಟಿ ಹೋತು. ಎಲ್ಲಾ ಶಾಂತ ಆತು ಅಂತ ಮಂದಿ ದಂಡಿಗೆ ಬಂದು ಮೀನಿಗೆ ಗಾಳ ಹಾಕಿ ನಿಂತರು. ಆದರ ಗಾಳಿ ಆಚಿ ದಂಡಿಗೆ ಒಯ್ದ ನೀರು ಅಲ್ಲಿ ಬಡಿದು ಹೊಳ್ಳಿ ಬರಾಕತ್ತಿತ್ತು. ಗಾಳಿ ಹೋಗಿ ತಾಸಿನ ಮ್ಯಾಲೆ ನೀರು ಒಮ್ಮೆಲೆ ಏರಿ ನಿಂತವರನ್ನ ಎಳಕೊಂಡು ಹೋತು. ಎಂಟು ಮಂದಿ ಸತ್ತರು.

ಅವರು ಹುಚ್ಚು ಧೈರ್ಯ ಮಾಡಿದವರಲ್ಲ. ಗಾಳಿ ನಿಲ್ಲೂ ತನಕ ಕಾದವರು. ನೀರು ನಿಲ್ಲೂ ತನಕ ಕಾಯಬೇಕು ಅಂತ ಅವರಿಗೆ ಹೇಳುವವರು ಇರಲಿಲ್ಲ, ಅಷ್ಟ.

ಈಗ ಅಲ್ಲಿ ಹವಾಮಾನದವರು ಮೊದಲ ಎಚ್ಚರಿಕೆ ಕೊಡತಾರ. ಆದರೂ ನಾ ತಂಗಿ ಮಗಳಿಗೆ ಫೋನ್ ಹಚ್ಚಿ ಪರಾತದ ಕಥಿ ಹೇಳಿದೆ. "ಗಾಳಿ ನಿಂತ ಮ್ಯಾಲೆ ಮನ್ಯಾಗ ಇನ್ನೊಂದಿಷ್ಟು ಹೊತ್ತು ಕೂಡವಾ, ಎಚ್ಚರಿಕೆ ಏನರ ಐತೇನು ನೋಡಿ ಹೋಗು" ಅಂದೆ. ನಕ್ಕಳು. ಆದರ "ಹೂಂ ದೊಡ್ಡವ್ವಾ" ಅಂದಳು.